ನೊರೆ ಇಳಿದ ತೋಡು

ಗೋಣಿಕೊಪ್ಪದ ಅಗ್ನಿಶಾಮಕ ಠಾಣೆಯಲ್ಲಿ ಚಾಲಕ ನಾನು,
ಹುಲಗಪ್ಪ. ಊರು ಮಸ್ಕಿ.
ನಮ್ಮ ಕಡೆ ನೀರಿಗೆ ಕೊಡದ ಲೆಕ್ಕ;
ಕೊಡಗಿಗೆ ಬಂದು ಲೆಕ್ಕವನ್ನೇ ಮರೆತಿದ್ದೆ.

ಫೆಬ್ರವರಿಯ ಒಂದು ರಾತ್ರಿ
ಪೊನ್ನಂಪೇಟೆ ರಸ್ತೆಯ ತಿರುವಿನಲ್ಲಿ
ಡೀಸೆಲ್ ಟ್ಯಾಂಕರು ಮಗ್ಗುಲಾಗಿ ಉರಿಯುತ್ತಿತ್ತು.
ಪಕ್ಕದಲ್ಲೇ ಕಾಫಿ ಕಣ,
ಚೀಲ ಕಟ್ಟಿಟ್ಟ ಮೆಣಸು.
ನೊರೆ ಬಿಟ್ಟೆವು. ಹಾಲುಕ್ಕಿದ ಹಾಗೆ
ರಸ್ತೆಯ ತುಂಬ ಬಿಳಿ.
ಇಪ್ಪತ್ತು ನಿಮಿಷಕ್ಕೆ ಬೆಂಕಿ ಸತ್ತಿತು.
ಜನ ಚಪ್ಪಾಳೆ ತಟ್ಟಿದರು, ಕಣದ ಉತ್ತಯ್ಯ
ಬೆಲ್ಲದ ಕಾಫಿ ಕೊಟ್ಟರು.
ನೊರೆ ಚರಂಡಿ ಹಿಡಿದು ಎಲ್ಲಿಗೆ ಇಳಿಯಿತೆಂದು
ಟಾರ್ಚು ಬಿಟ್ಟು ನೋಡಿದವರಿಲ್ಲ.

ಮೂರನೆಯ ಬೆಳಿಗ್ಗೆ
ಎರವರ ಬೊಳಚಿ ಬಂದು ಠಾಣೆಯ ಮೆಟ್ಟಿಲ ಮೇಲೆ
ಕುಕ್ಕೆ ಇಟ್ಟಳು.
ಕಾಲು ಮಡಚಿ ಹೊಟ್ಟೆ ಮೇಲಾದ ಏಡಿಗಳು,
ಬೆಂಕಿಕಡ್ಡಿ ಉದ್ದದ ಮೀನುಮರಿಗಳು.
ಬೈಯಲಿಲ್ಲ. "ನಿಮ್ಮದು" ಎಂದಳು,
ಬಸ್ಸಿನಲ್ಲಿ ಸಾಮಾನು ಮರೆತವರಿಗೆ ಹೇಳುವ ಹಾಗೆ.
ಕುಕ್ಕೆ ವಾಪಸು ಬೇಕೆಂದು ಅಲ್ಲೇ ನಿಂತಳು.

ಠಾಣಾಧಿಕಾರಿ ಬಿದ್ದಪ್ಪ ವರದಿ ಬರೆಯುತ್ತಿದ್ದರು.
ನಷ್ಟವಾದ ಆಸ್ತಿ: ಇಷ್ಟು.
ಉಳಿಸಿದ ಆಸ್ತಿ: ಇಷ್ಟು ಲಕ್ಷ.
ಏಡಿ ಯಾವ ಕಾಲಮ್ಮಿಗೆ?
ಪೆನ್ನಿನ ಮುಚ್ಚಳ ಕಚ್ಚಿ ಬಹಳ ಹೊತ್ತು ಕೂತರು.

ಆಮೇಲೆ ಆದದ್ದು ದೊಡ್ಡದೇನಲ್ಲ.
ಶನಿವಾರದ ಅಭ್ಯಾಸಕ್ಕೆ ಈಗ ಬರೀ ನೀರು,
ನೊರೆಯ ಡಬ್ಬಗಳಿಗೆ ಬೀಗ.
ಗಾಡಿಯ ಹಿಂದೆ ಮಣ್ಣು ತುಂಬಿದ ಹದಿನೆಂಟು ಗೋಣಿ:
ಮೊದಲು ಚರಂಡಿಗೆ ಕಟ್ಟೆ.
ಗಾಡಿ ನಿಂತ ಕೂಡಲೇ ಒಬ್ಬ ಓಡುತ್ತಾನೆ,
ಬೆಂಕಿಯ ಕಡೆಗಲ್ಲ, ಇಳಿಜಾರಿನ ಕಡೆಗೆ.
ನೋಡಿದವರು ಹೆದರಿ ಓಡಿದನೆನ್ನುತ್ತಾರೆ.
ಸೂರಿನ ಮಳೆಗೆ ಪೀಪಾಯಿ ಇಟ್ಟಿದ್ದೇವೆ,
ಗಾಡಿ ಮೀಯುವುದು ಅದರಲ್ಲೇ.
ಎಂಜಿನ್ನು ಸುಮ್ಮನೆ ಗುರುಗುಟ್ಟಿಸಿದರೆ ನನಗೆ ದಂಡ,
ಸಲಕ್ಕೊಂದು ಸುತ್ತು ಚಹಾ.
ಮೊದಲ ತಿಂಗಳು ಇಡೀ ಠಾಣೆ
ನನ್ನ ದುಡ್ಡಿನಲ್ಲೇ ಕುಡಿಯಿತು.

ಮತ್ತೆ ಆ ಹೀರುಕೊಳವೆ.
ಕೆರೆಗೆ ಇಳಿಸಿದರೆ ಅದರ ಕಬ್ಬಿಣದ ಜಾಲರಿ
ಕಸ ತಡೆಯುತ್ತದೆ, ಗೊದಮೊಟ್ಟೆ ತಡೆಯುವುದಿಲ್ಲ.
ಕೊಳವೆಯ ಬಾಯಿಯನ್ನು ಬೊಳಚಿಯ ಕೈಗೆ ಕೊಟ್ಟೆವು.
ಗೇಣಿಟ್ಟು ಅಳೆದಳು; ಅಳೆಯುತ್ತ ನಕ್ಕಳು:
ಮೀನು ಹಿಡಿಯಲೆಂದೇ ಕೂಳಿ ಹೆಣೆದ ಕೈ
ಹಿಡಿಯದಿರಲು ಹೆಣೆಯಬೇಕಲ್ಲ!
ಬಿದಿರಿನ ಸೀಳು, ಒಳಗೊಂದು ಹೊರಗೊಂದು ಸುತ್ತು.
ಮುನ್ನೂರು ಕೇಳಿದಳು.
ಬಿದ್ದಪ್ಪ ಚೀಟಿಯಲ್ಲಿ ಬರೆದರು: ಬಿಡಿಭಾಗ.

ಮಾರ್ಚಿನಲ್ಲಿ ತಿತಿಮತಿಯ ಆಚೆ ಕಾಡಂಚು ಹತ್ತಿತು,
ಒಣಬಿದಿರು ಕೋವಿಯಂತೆ ಸಿಡಿಯುತ್ತಿತ್ತು.
ನೆಲದ ಬೆಂಕಿಯನ್ನು ಹಸಿ ಕೊಂಬೆಯಲ್ಲಿ ಬಡಿದು,
ತರಗು ಗುಡಿಸಿ ದಾರಿ ಬಿಡಿಸಿ,
ನೀರನ್ನು ಬೇಕಾದಲ್ಲಿಗೆ ಮಾತ್ರ ಕೊಟ್ಟೆವು.
ಅರ್ಧ ಟ್ಯಾಂಕು ಹೊತ್ತು ಮರಳಿದ ರಾತ್ರಿ
ಆ ನೀರು ತಿರುವುಗಳಲ್ಲಿ ಹೊರಳುವ ಭಾರ
ನನ್ನ ಬೆನ್ನಿಗೆ ತಿಳಿಯುತ್ತಿತ್ತು,
ಮಲಗಿದ ಮಗುವನ್ನು ಹೊತ್ತ ಹಾಗೆ.

ವರದಿಯ ಅಂಚಿನಲ್ಲಿ ಬಿದ್ದಪ್ಪ ಈಗ
ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸುತ್ತಾರೆ:
"ತೋಡು ನೋಡಲಾಗಿದೆ."
ಮೇಲಿನವರು ಅದೇನೆಂದು ಇನ್ನೂ ಕೇಳಿಲ್ಲ.

ತಿರುವಿನ ಕೆಳಗೆ ಏಡಿ ಮರಳಿವೆಯೋ ಇಲ್ಲವೋ.
ನೀರು ತಿಳಿಯಾಗಿಯೇ ಕಾಣುತ್ತದೆ;
ತಿಳಿಯಾಗಿ ಕಂಡದ್ದಕ್ಕೇ ನನಗೆ ಈಗ ನಂಬಿಕೆಯಿಲ್ಲ.
ಬೊಳಚಿ ಕುಕ್ಕೆ ಹಿಡಿದು ಬರುತ್ತಾಳೆ, ಬಾಗಿ ನೋಡುತ್ತಾಳೆ,
ಕೈ ಹಾಕದೆ
ಮೇಲ್ತೋಡಿಗೆ ನಡೆಯುತ್ತಾಳೆ.