ಬಿಸಿಲ ಬದಿ

ಹನ್ನೊಂದು ವರ್ಷ ಬ್ಯಾಡಗಿ ಪ್ಯಾಟಿ ಅಂಗಳದಾಗ
ಕಾಯಿ ಆರಿಸಿದಾಕಿ ನಾನು.
ಡಬ್ಬಿ ಒಂದ್ ಕಡೆ, ಕಡ್ಡಿ ಒಂದ್ ಕಡೆ,
ಬಿಸಿಲು ಹೆಚ್ಚಾಗಿ ಬೆಳ್ಳಗಾದದ್ದು ಬ್ಯಾರೆ ಗುಂಪಿ.
ಕಣ್ಣು ಮುಚ್ಚಿ ಮುಟ್ಟಿದ್ರೂ ಹೇಳತಿದ್ದೆ
ಇದು ಎಷ್ಟು ದಿನದ ಬಿಸಿಲು ಕುಡದೈತಿ ಅಂತ.
ನನ್ನ ಮೈ ಎಷ್ಟು ಕುಡದಿತ್ತು, ಅದನ್ನ ಕೇಳಿದ್ದಿಲ್ಲ.

ಮೊದಲು ಮಾರಿ ಕೆಂಪಾತು.
ಖಾರದ ಘಾಟು ಅಂದ್ರು, ಕೊಬ್ಬರಿ ಎಣ್ಣಿ ಹಚ್ಚು ಅಂದ್ರು.
ಆಮ್ಯಾಲೆ ಬೆರಳ ಗಿಣ್ಣು ಹಿಡಕೊಂಡುವು,
ತಲಿ ಬಾಚಿದ್ರ ಹಣಗಿ ತುಂಬ ಕೂದಲಾ.
ರೊಟ್ಟಿ ತಟ್ಟೂ ಕೈ ಹಿಟ್ಟಿನ ಮ್ಯಾಲೆ ಸುಮ್ಮನ ಕುಂತಿತು.
ಅತ್ತಿ ಫಕ್ಕೀರವ್ವ, ದಿಟ್ಟಿ ಆಗೇತಿ ಅಂತ
ಅದೇ ಮೆಣಸಿನಕಾಯಿ ಏಳು ಎಣಿಸಿ
ನಿವಾಳಿಸಿ ಒಲಿಗೆ ಹಾಕಿದ್ಲು.
ಘಾಟು ಬರಲಿಲ್ಲಂತ. ದಿಟ್ಟಿ ಭಾಳ ದೊಡ್ಡದಂತ.
ಬ್ಯಾಡಗಿ ಕಾಯಿಗೆ ಘಾಟೇ ಕಡಿಮಿ,
ಅದನ್ನ ಅಕಿಗೆ ಯಾರು ಹೇಳಬೇಕು.

ಹುಬ್ಬಳ್ಳಿ ದೊಡ್ಡ ದವಾಖಾನಿಯೊಳಗ
ಸಣ್ಣ ವಯಸ್ಸಿನ ಡಾಕ್ಟರ್ ಬಾಯಿ
ಕನ್ನಡಕದ ಮ್ಯಾಲಿಂದ ನೋಡಿ
"ಪಾತರಗಿತ್ತಿ ಕುಂತಂಗ ಐತಿ ನೋಡ್ರಿ" ಅಂದ್ಲು.
ಮನಿಗೆ ಬಂದು ಕನ್ನಡಿ ನೋಡಿದೆ. ನನಗ ಕಂಡದ್ದು ಎರಡು ಡಬ್ಬಿ ಕಾಯಿ,
ಮೂಗಿನ ಮ್ಯಾಲೆ ತೊಟ್ಟಿಗೆ ತೊಟ್ಟು ಕೂಡಿಸಿ
ಯಾರೋ ಒಣಗಾಕ ಹಾಕಿ, ತಗಿಯೂದು ಮರತು ಹ್ವಾದಂಗ.

ಲೂಪಸ್ ಅಂದಿದ್ಲು. ಚೀಟಿ ಮ್ಯಾಲೆ ಬರದಿದ್ಲು.
ನಿಮ್ಮ ರಕ್ತಕ್ಕ ನಿಮ್ಮ ಗುರುತು ಮರತೈತಿ ಅಂದಿದ್ಲು.
ದಿನಾ ಗುಳಿಗಿ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷಾ,
ಬಿಸಿಲಿಗೆ ಹೋಗಬ್ಯಾಡ್ರಿ.
"ಎಷ್ಟು ದಿನಾರೀ?" ಅಂದೆ.
ಅಕಿ ಪೆನ್ನಿನ ಟೊಪ್ಪಗಿ ಹಾಕಿದ್ಲು.

ನಮ್ಮೂರಾಗ ಬಿಸಿಲಂದ್ರ ಪಗಾರ.

ಕೋಲ್ಡ್ ಸ್ಟೋರೇಜಿಗೆ ಸೇರಿದೆ. ಅಲ್ಲಿ ಕತ್ತಲಿ ಐತಿ,
ಕತ್ತಲಾಗ ಕಾಯಿ ಬಣ್ಣ ಮುಂದಿನ ಸುಗ್ಗಿ ತನಕ ನಿಲ್ಲತೈತಿ,
ನಂದೂ ನಿಂತೀತು ಅಂತ.
ಒಂಬತ್ತನೇ ದಿನಕ್ಕ ಬೆರಳು ಸುಣ್ಣದಂಗ ಬಿಳುಪು, ಆಮ್ಯಾಲೆ ನೀಲಿ.
ಥಂಡಿನೂ ಒಲ್ಲೆ ಅಂತು ಮೈ.
ಈಗ ಮನ್ಯಾಗ ತೊಟ್ಟು ಮುರಿತೀನಿ, ಕಿಲೋ ಲೆಕ್ಕ.
ಬಗಲ ಮನಿ ಖುತೇಜಾ ಚೀಲ ತಂದು ಹಾಕತಾಳ.
ತನ್ನ ಹಳೇ ಬುರ್ಖಾ ಕತ್ತರಿಸಿ
ನನಗ ಜೋಡಿ ತೋಳು ಹೊಲದು ಕೊಟ್ಟಾಳ,
ಬೆರಳಿಂದ ಭುಜದ ತನಕ.

ಊರಿನ ನೆರಳೆಲ್ಲಾ ಬಾಯಿಪಾಠ ನನಗ.
ಹತ್ತೂವರಿಗೆ ಅಂಚೆ ಕಚೇರಿ ಗ್ವಾಡಿ ಒಂದು ಮೊಳ ಕೊಡತೈತಿ,
ಹನ್ನೆರಡಕ್ಕ ಯಾರೂ ಏನೂ ಕೊಡೂದಿಲ್ಲ.
ಮೋಡ ಇದ್ರೂ ನಂಬೂ ಹಂಗಿಲ್ಲ.
ಮಾಗಿಯೊಳಗ ಛತ್ರಿ ಬಿಚ್ಚಿದ್ರ
"ಎಲ್ಲೈತಿಬೇ ಮಳಿ?" ಅಂತಾವ ಹುಡುಗೂರು.
ಹುಬ್ಬಳ್ಳಿಗೆ ಮುಂಜಾನೆ ಹೋಗೂವಾಗ ಬಸ್ಸಿನ ಬಲಕ್ಕ ಬಿಸಿಲು,
ಸಂಜಿಗೆ ಬರೂವಾಗೂ ಬಲಕ್ಕ.
ಎಡಗಡೆ ಸೀಟಿಗೆ ಜಗಳಾಡೂ ಹೆಂಗಸು ಅಂತ
ಕಂಡಕ್ಟರನಿಗೆ ನನ್ನ ಗುರುತೈತಿ. ರಕ್ತಕ್ಕಷ್ಟ ಇಲ್ಲ.

ಮೊನ್ನೆ ಮದುವಿಯಾಗ, ಪೆಂಡಾಲ ಬಿಟ್ಟು ಹೊರಗ ಬರದ ನನ್ನ ನೋಡಿ
"ಮನ್ಯಾಗ ಕುಂತು ಬೆಳ್ಳಗಾಗೀದಿ ಬಿಡವ್ವ" ಅಂದ್ಲು ಒಬ್ಬಾಕಿ,
ಹೊಟ್ಟಿಕಿಚ್ಚಿಲೆ.
ಹೂಂ ಅಂದೆ.

ರಾತ್ರಿ ಎಂಟಕ್ಕ ಮಾಳಗಿ ಹತ್ತತೀನಿ.
ಖುತೇಜಾ ಹರವಿದ ಕಾಯಿ ಇನ್ನೂ ಬೆಚ್ಚಗ.
ಮಣಿಗಂಟಿನ ತನಕ ಕೈ ಒಳಗ ಇಳಸತೀನಿ.
ಹಗಲಿನ ಬಿಸಿಲು ಅಲ್ಲಿ ಮಲಗಿರತೈತಿ
ಕಣ್ಣು ಮುಚ್ಚಿಕೊಂಡು. ಕಚ್ಚೂದಿಲ್ಲ.
ಹನ್ನೊಂದು ವರ್ಷ ಜೋಡೀಲೆ ದುಡದಿದ್ವಿ.
ಈಗ ಇಬ್ಬರೂ ಮಾತಾಡೂದಿಲ್ಲ.

ಮುಂಜಾನೆ ಸಾಲಿಗೆ ಹೊಂಟಾಗ ಮಗಳು ಸಂಪದಾ
ಓಡಿ ಬಂದು ನನ್ನ ಮೂಡಣ ಮಗ್ಗಲಿಗೆ ನಿಲ್ಲತಾಳ.
ನಾ ಹೇಳಿ ಕೊಟ್ಟದ್ದಲ್ಲ.
ಎಂಟು ವರ್ಷದ ಪೋರಿ, ಅಕಿ ನೆರಳು
ನನ್ನ ಮೊಣಕೈ ತನಕ ಅಷ್ಟ ಬರತೈತಿ.
ಅದರಾಗ ಕೈ ಇಟ್ಟುಕೊಂಡು ನಡೀತೀನಿ.