ಅಡ್ವಾನ್ಸ್ ಬ್ಯಾಚು

ದುರ್ಗಿಗುಡಿಯಲ್ಲಿ ಟೈರಿನಂಗಡಿ ಮೇಲೆ
ಕಾರ್ಮೆಲಿನ್ ಮಿಸ್ಸಿನ ಕ್ಲಾಸು, ಸಂಜೆ ಆರೂವರೆಗೆ.
ಬೋರ್ಡಿನಲ್ಲಿ ‘ಅಡ್ವಾನ್ಸ್’ ಅಂತಿದೆ.
ಫೀಸೂ ಅಡ್ವಾನ್ಸೇ.
ನಾವು ಏಳು ಜನ. ಎಲ್ಲರಿಗೂ ಇಂಗ್ಲಿಷು ಬರುತ್ತದೆ.
ಬರುತ್ತದೆ ಅಂದರೆ, ಬಾಗಿಲವರೆಗೂ ಬಂದು
ಚಪ್ಪಲಿ ಬಿಡಲೋ ಬೇಡವೋ ಅಂತ ನಿಲ್ಲುತ್ತದೆ.

ನನಗೆ ಅದು ಬೆರಳಿಗೆ ಬರುತ್ತದೆ.
ಹತ್ತೊಂಬತ್ತು ವರ್ಷದಿಂದ ಕೋರ್ಟಿನಲ್ಲಿ ಟೈಪಿಸ್ಟು.
ವೇರ್‌ಆ್ಯಸ್, ಹಿಯರಿನಾಫ್ಟರ್, ದ ಸೆಡ್ ವಿಟ್ನೆಸ್
ಕಣ್ಣು ಮುಚ್ಚಿ ಹೊಡೆಯುತ್ತೇನೆ, ಒಂದಕ್ಷರ ತಪ್ಪುವುದಿಲ್ಲ.
ಬ್ಯಾಂಕಿಗೆ ಹೊಸದಾಗಿ ಬಂದ ಒಡಿಶಾದ ಮ್ಯಾನೇಜರು
ಹೇಗಿದ್ದೀರಿ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ
ಫೈನ್ ಅನ್ನುತ್ತೇನೆ.
ಜ್ವರವಿದ್ದರೂ ಫೈನ್.
ಫೈನ್ ಅಂದರೆ ನಮ್ಮ ಕೋರ್ಟಿನಲ್ಲಿ ದಂಡ.

ಮೊದಲ ವಾರ ಪೂರ್ತಿ ಒಂದೇ ಮಾತು: ದ.
ಹಲ್ಲಿನ ನಡುವೆ ನಾಲಿಗೆಯಿಟ್ಟು ಬಿಡಬೇಕು,
ಬಿಸಿ ಚಹಾ ಗುಟುಕರಿಸಿ ಬೆಚ್ಚಿದವರ ಹಾಗೆ.
“ದ ಅನ್ನಬೇಕಾದರೆ ಆ ವಸ್ತು ನಿಮಗೂ ಗೊತ್ತಿರಬೇಕು,
ಕೇಳುವವರಿಗೂ ಗೊತ್ತಿರಬೇಕು. ಇಲ್ಲದಿದ್ದರೆ ಎ.”
ಭದ್ರಾವತಿಯಿಂದ ಬರುವ ವೆಲ್ಡರ್ ಇಲಿಯಾಜ್ ಕೇಳಿದ:
ಅವರಿಗೆ ಗೊತ್ತೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು ಮಿಸ್?
ಮಿಸ್ಸು ಸೀಮೆಸುಣ್ಣ ಕೆಳಗಿಟ್ಟು,
“ಅದೇ ಅಡ್ವಾನ್ಸು” ಅಂದರು.

ಆಮೇಲೆ ‘ಐ ವಿಶ್ ಐ ಹ್ಯಾಡ್’.
ಆಗಿಹೋದದ್ದು ಆಗಬಾರದಿತ್ತು ಅನ್ನುವುದಕ್ಕೆ
ಅವರಲ್ಲಿ ಒಂದು ವ್ಯಾಕರಣವೇ ಇದೆ.
ಮನೆಗೆಲಸಕ್ಕೆ ಐದು ವಾಕ್ಯ.
ಇಲಿಯಾಜ್ ಐದನ್ನೂ ತಾನು ಮಾರಿದ ಯಮಹಾ ಬೈಕಿನ ಮೇಲೇ ಬರೆದ.
ನನಗೆ ಒಂದೇ ಹೊಳೆದದ್ದು, ಅದನ್ನೂ ಪೂರ್ತಿ ಬರೆಯಲಿಲ್ಲ.

ಶಿಕಾರಿಪುರದ ಕಡೆಯ ತಾಂಡಾದವಳು, ಸೋಮ್ಲಿಬಾಯಿ.
ಕ್ರಷರಿನ ಬೆಲ್ಟಿಗೆ ಗಂಡ ಸಿಕ್ಕಿಹೋಗಿದ್ದ.
ಕಟಕಟೆಯಲ್ಲಿ ನಿಂತು ಒಂದೇ ಮಾತು:
“ಹೊಟ್ಟೆ ಉರೀತದ ಸ್ವಾಮಿ.”
ವಕೀಲರು ಇಂಗ್ಲಿಷಿಗೆ ತಿರುಗಿಸಿದರು,
ಸಾಹೇಬರು ಹೂಂ ಅಂದರು,
ನಾನು ಹೊಡೆದೆ:
ಎ ಬರ್ನಿಂಗ್ ಸೆನ್ಸೇಶನ್ ಇನ್ ದ ಸ್ಟಮಕ್.
ಊಟಕ್ಕೆ ಮುಂಚೆ ಅವಳು ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಕೇಸು ಏನಾಯಿತೋ ಗೊತ್ತಿಲ್ಲ.
ಟೈಪಿಸ್ಟರಿಗೆ ಕೇಸಿನ ನಡುಭಾಗವಷ್ಟೇ ಸಿಗುವುದು.
ರೆಕಾರ್ಡ್ ರೂಮಿನಲ್ಲಿ ಆ ಹಾಳೆ ಈಗಲೂ ಇದೆ,
ಅಜೀರ್ಣವಾದ ಹೆಂಗಸಿನ ಹೇಳಿಕೆಯಾಗಿ.

ಮಿಸ್ಸನ್ನೇ ಕೇಳಿದೆ: ಹೊಟ್ಟೆ ಉರಿಗೆ ಸರಿಯಾದದ್ದು ಏನು?
“ಜೆಲಸಿ,” ಅಂದರು. ಅದಲ್ಲ ಮಿಸ್, ಇನ್ನೊಂದು ಉರಿ.
ನಿಘಂಟು ತೆಗೆದರು, ಮುಚ್ಚಿದರು.
“ಆ್ಯಂಗ್ವಿಶ್ ಅಂತ ಹಾಕಬಹುದು.”
ಹಾಕಬಹುದು.
ಅದರಲ್ಲಿ ಹೊಟ್ಟೆ ಎಲ್ಲಿದೆ?
ಕೆಳಗಡೆ ಯಾವುದೋ ಲಾರಿಯ ಟೈರಿಗೆ ಗಾಳಿ ತುಂಬುತ್ತಿದ್ದರು.
ಅದು ನಿಲ್ಲುವವರೆಗೂ ಮಿಸ್ಸು ಮಾತಾಡಲಿಲ್ಲ.

ವಿನೋಬನಗರದ ಸಿಟಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ
ಇನ್ನೊಂದು ತಪ್ಪು ಕಂಡಿತು.
ಹಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು ಯಾವ ಉರಿ ಅಂತ.
ವಕೀಲರಿಗೆ ಗೊತ್ತಿತ್ತು, ಸಾಹೇಬರಿಗೆ ಗೊತ್ತಿತ್ತು,
ಬಾಗಿಲ ಬಳಿಯ ಅಮೀನನಿಗೂ, ನನಗೂ.
ಎ ಅಂತ ಯಾಕೆ ಹೊಡೆದೆ?

ಮೊನ್ನೆ ಸೋಮವಾರ ಒಬ್ಬ ಮುದುಕ, ಸಾಕ್ಷಿ,
“ಕರುಳು ಚುರುಕ್ ಅಂತು” ಅಂದ.
ವಕೀಲರು ಪೇನ್ ಇನ್ ದ ಅಬ್ಡಮನ್ ಅನ್ನುವಷ್ಟರಲ್ಲಿ
ನನ್ನ ಬೆರಳು ನಿಂತವು.
“ಒನ್ ಮಿನಿಟ್, ಸರ್.”
ಹತ್ತೊಂಬತ್ತು ವರ್ಷದಲ್ಲಿ ಆ ಹಾಲಿನಲ್ಲಿ
ನಾನು ಬಾಯಿಂದ ಆಡಿದ ಮೊದಲ ಇಂಗ್ಲಿಷು ಅದು.
ಎರಡನೆಯದು ಬರಲಿಲ್ಲ.
ಕನ್ನಡದಲ್ಲೇ ಕೇಳಿದೆ,
ಅವರು ಹೇಳಿದ್ದನ್ನ ಹೇಳಿದ ಹಾಗೇ ಹೊಡೀಲಾ?

ಸಾಹೇಬರು ಕನ್ನಡಕ ಇಳಿಸಿ ನೋಡಿದರು.
ಬೆಂಚ್ ಕ್ಲರ್ಕ್ ಕೆಮ್ಮಿದ.
ಮುದುಕ ನನ್ನನ್ನು ನೋಡುತ್ತ ನಿಂತಿದ್ದ,
ತಾನೇನೋ ತಪ್ಪು ಹೇಳಿದೆನೆಂದು.