‘ಅಂತ’ ಎಂಬ ಬಾಲ

ನಾನು ಕೊಂದ ಮನುಷ್ಯ
ಮರುದಿನ ಹನ್ನೊಂದಕ್ಕೆ ಆಫೀಸಿನ ಮೆಟ್ಟಿಲು ಹತ್ತಿ ಬಂದರು.
ಅಸುಂಡಿ ಮಾಸ್ತರರು. ಬಿಳಿ ಟೊಪಗಿ, ಬಗಲಲ್ಲಿ ಕೊಡೆ,
ನಿಧನ ವಾರ್ತೆ ಮೇಲೆ ಬರುವ ಹಾಗೆ ಮಡಚಿದ ಪೇಪರು.
ಕೂತರು. ನೀರು ಕೇಳಿ ಕುಡಿದರು.
‘ತಂಗಿ, ನಾ ಯಾವ ದವಾಖಾನ್ಯಾಗ ಸತ್ತೆ?
ಬಿಲ್ಲು ಯಾರು ಕೊಟ್ಟರು, ಕೇಳಾಕ ಬಂದೆ.’

ಫೋನು ಮಾಡಿ ತಿಳಿಸಿದ್ದು ಅವರ ಷಡ್ಡಕ.
ಮಾವನ ಮನೆಯ ಜಾಗಕ್ಕೆ ಇಬ್ಬರಿಗೂ ಹದಿನಾರು ವರ್ಷದ ಜಗಳ;
ಅದು ನನಗೆ ಆಮೇಲೆ ಗೊತ್ತಾದ ಸುದ್ದಿ.

ಕೊಣ್ಣೂರ ಸರ್ ಬಯ್ಯಲಿಲ್ಲ.
ನನ್ನ ನೋಟಬುಕ್ಕಿನಲ್ಲಿ ‘ತೀರಿಕೊಂಡರು’ ಎಂಬುದರ ಮುಂದೆ
ಕೆಂಪು ಪೆನ್ನಿನಿಂದ ‘ಅಂತ’ ಎಂದು ಬರೆದರು.
‘ಊರು ಹೇಳೋ ಮಾತಿಗೆಲ್ಲಾ ಇದೊಂದು ಬಾಲ ಇರ್ತದ.
ನೀ ಅದನ್ನ ಕತ್ತರಿಸಿ ತಂದಿ.
ಕತ್ತರಿಸಬ್ಯಾಡ. ಹಿಡ್ಕೊಂಡು ಹಿಂದಕ್ಕ ನಡಿ.
ಅದು ಮುಗಿಯೋ ಕಡೆ ಯಾರರ ಕಣ್ಣು ತೆರೆದು ನಿಂತಿರ್ತಾರ.’

ನಡೆದೆ.
ಒಂದು ರಾತ್ರಿ, ಪುಟ ಬಿಡಲು ನಲವತ್ತು ನಿಮಿಷ:
‘ಬೆಟಗೇರ್‍ಯಾಗ ಹಳೇ ಜಿನ್ನಿನ ಗ್ವಾಡಿ ಬಿತ್ತಂತ,
ಮೂರು ಜೀವ ಹೋದವಂತ.’
ಸ್ಕೂಟಿ, ಕೆಸರು, ಕರೆಂಟು ಹೋದ ಓಣಿ.
ಚಹಾದಂಗಡಿಯ ಗಂಗಣ್ಣನಿಗೆ ಹೇಳಿದ್ದು ಆಟೋ ದಾದಾಪೀರ,
ದಾದಾಪೀರನಿಗೆ ಯಾರೋ ಪ್ಯಾಸೆಂಜರು,
ಅವನು ಟಾಂಗಾಕೂಟದಲ್ಲಿ ಇಳಿದು ಹೋಗಿದ್ದ.
ಠಾಣೆಯಲ್ಲಿ ಫೋನೆತ್ತಿದವ
‘ನೀವ ಹೇಳ್ರಿ ಮೇಡಂ, ಎಷ್ಟು ಮಂದಿ?’ ಅಂತ ನನ್ನನ್ನೇ ಕೇಳಿದ.
ಒಂದು ಚಾನೆಲ್ಲಿನಲ್ಲಿ ಆಗಲೇ ‘ಮೂವರ ದುರ್ಮರಣ’ ಓಡುತ್ತಿತ್ತು.
ಡೆಸ್ಕಿನಿಂದ ಏಳು ಮಿಸ್ಡ್ ಕಾಲು.

ಗೋಡೆ ಬಿದ್ದದ್ದು ಖರೆ.
ಬುಡದಲ್ಲಿ ಮಾಬೂಬಿ ಬ್ಯಾಟರಿ ಹಿಡಿದು ಕೂತಿದ್ದಳು.
ಆಡುಗಳು.
ಜೀವ ಅಂದವರು ಸುಳ್ಳು ಹೇಳಿರಲಿಲ್ಲ;
ಜೀವ ಮಂದಿಯಾದದ್ದು ನಡುದಾರಿಯಲ್ಲಿ ಎಲ್ಲೋ.
ಬಗ್ಗಿ ಎಣಿಸಿದೆ. ಎರಡು.
ಮೂರನೆಯದು, ಮರಿ, ಇಟ್ಟಂಗಿಯ ಕೆಳಗೆ
ಇನ್ನೂ ಉಸಿರಾಡುತ್ತಿತ್ತು.
ಪೆನ್ನು ಬಾಯಲ್ಲಿ ಕಚ್ಚಿ ನಾನೂ ಅವಳೂ ಎತ್ತಿದೆವು.
‘ಸತ್ತವುಗಳ ಹೆಸರು ಬರಕೋತಿ ಏನವ್ವಾ?’
ಗುಲಾಬಿ, ಚಾಂದನಿ. ಬರೆದುಕೊಂಡೆ.
ಎಂಟನೇ ಪುಟದಲ್ಲಿ ಮೂರು ಸಾಲು ಬಂತು,
ಹೆಸರು ಬರಲಿಲ್ಲ.

ಇವತ್ತು ಸಂಜೆ ಮಾಸ್ತರರ ಮಗಳ ಫೋನು.
‘ಅಪ್ಪಾಜಿ ಹೋದರು.
ಆ ಪೇಪರಿನ ಹುಡುಗಿಗೆ ಮೊದಲು ತಿಳಸು ಅಂದಿದ್ದರು.’
ನಂಬಿದೆ. ಆದರೂ ಹೋದೆ.
ಅವಳು ಬೇಜಾರು ಮಾಡಿಕೊಳ್ಳದೆ
ಬಾಗಿಲಿಂದ ಸರಿದು ದಾರಿ ಬಿಟ್ಟಳು.
ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ನೋಡಿದೆ.
ಟೊಪಗಿ ಗೂಟದಲ್ಲಿತ್ತು.
ಅಂಗಳದಲ್ಲಿ ಷಡ್ಡಕ, ಕಂಬ ಹಿಡಿದು ಅಳುತ್ತಿದ್ದ.
ಅದನ್ನೂ ಕಂಡೆ. ಬರೆಯಲಿಲ್ಲ.

ವಯಸ್ಸು ಕೇಳಿದೆ.
ಆಧಾರಿನಲ್ಲಿ ಎಪ್ಪತ್ತಾರು, ಪೆನ್ಷನ್ ಪುಸ್ತಕದಲ್ಲಿ ಎಪ್ಪತ್ತೆಂಟು.
‘ಹಿತ್ತಲದ ಬಾವಿ ತೋಡಿದ ವರ್ಷ ಹುಟ್ಟಿದಾಂವಂತ’
ಎಂದಳು ಮೂಲೆಯಿಂದ ಒಬ್ಬ ಮುದುಕಿ.
ಬಾವಿ ಯಾವಾಗ ತೋಡಿದ್ದು?
ಅದನ್ನು ಕಂಡವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಈಗ ಹತ್ತು ಗಂಟೆ.
ಹೆಸರು ಸರಿ ಇದೆ, ಊರು ಸರಿ ಇದೆ.
ವಯಸ್ಸಿನ ಜಾಗ ಇನ್ನೂ ಖಾಲಿ.